ಮಾತಿಗೆ ದಾರಿಬಿಟ್ಟ ಗಿಟಾರು

ಮೆಡಿಟರೇನಿಯನ್ ಕಡಲತಡಿಯ ಸೆತ್ ಎಂಬ ಬಂದರುಪಟ್ಟಣದಲ್ಲಿ 1921ರಲ್ಲಿ ಜನಿಸಿ, ಎರಡನೆಯ ಮಹಾಯುದ್ಧಕಾಲದಲ್ಲಿ ಜರ್ಮನಿಯ ಕಡ್ಡಾಯ ದುಡಿಮೆಯ ಶಿಬಿರಕ್ಕೆ ಒಯ್ಯಲ್ಪಟ್ಟು, 1944ರಲ್ಲಿ ರಜೆಯ ಮೇಲೆ ಪ್ಯಾರಿಸಿಗೆ ಬಂದವನು ಮರಳಿ ಹೋಗದೆ, ಜಾನ್ ಪ್ಲಾಂಶ್ ಎಂಬ ಉದಾರಹೃದಯಿ ಗೃಹಿಣಿಯ ನಲ್ಲಿನೀರೂ ವಿದ್ಯುದ್ದೀಪವೂ ಇಲ್ಲದ ಪುಟ್ಟ ಮನೆಯಲ್ಲಿ ಅಡಗಿದ್ದು, ಕೀರ್ತಿ ಬಂದ ಮೇಲೂ ಆ ಆಶ್ರಯವನ್ನು 1966ರವರೆಗೆ ತೊರೆಯದೆ ಬಾಳಿದ ಫ್ರೆಂಚ್ ಹಾಡುಗಾರ ಜಾರ್ಜ್ ಬ್ರಾಸಾನ್ಸ್‌ನ ಜೀವನವನ್ನು ಕೃತಜ್ಞತೆಯ ಕಾವ್ಯವೆಂದೇ ಕರೆಯಬೇಕು.

1952ರಲ್ಲಿ ಗಾಯಕಿ ಪಟಾಶು ಮೋಂಮಾರ್ತ್ರ್ ಬಡಾವಣೆಯ ತನ್ನ ಗಾನಶಾಲೆಯಲ್ಲಿ ಆತನನ್ನು ಸಭೆಯ ಮುಂದೆ ನಿಲ್ಲಿಸಿದಳು. ಅಂದಿನಿಂದ ಕಡೆಯವರೆಗೆ ಆತನ ಪರಿಕರಗಳು ಬಹುಪಾಲು ಇಷ್ಟೇ: ಕುರ್ಚಿಯ ಮೇಲೆ ಊರಿದ ಒಂದು ಕಾಲು, ತೊಡೆಯ ಮೇಲೊಂದು ಗಿಟಾರು, ಹಿಂದೆ ಪಿಯೇರ್ ನಿಕೊಲಾನ ಡಬಲ್ ಬಾಸ್. ಮಾತು ಸ್ಫುಟವಾಗಿ ಕೇಳಿಸಲೆಂದು ವಾದ್ಯವನ್ನು ಹಿಂದೆ ಸರಿಸಿದ ಈ ಸಂಯಮದಿಂದಲೇ, ಹದಿನೈದನೆಯ ಶತಮಾನದ ವಿಯೋನ್, ವಿಕ್ಟರ್ ಹ್ಯೂಗೋ, ಪಾಲ್ ಫೋರ್ ಮೊದಲಾದವರ ಕವನಗಳು ಬೀದಿಯ ಜನರ ನಾಲಗೆಗೂ ಎಟುಕಿದುವು. ಸರಳವೆಂದು ತೋರುವ ಆ ರಾಗಗಳಲ್ಲಿ ಜಾಜ್ ಸಂಗೀತದ ಲಯವು ಗುಪ್ತಗಾಮಿನಿಯಾಗಿ ಹರಿದಿದೆ.

1967ರಲ್ಲಿ ಫ್ರೆಂಚ್ ಅಕಾಡೆಮಿಯು ಕಾವ್ಯಕ್ಕಾಗಿ ತಾನು ಕೊಡುವ ಮಹಾಪುರಸ್ಕಾರವನ್ನು ಆತನಿಗಿತ್ತು, ಹಾಡುಗಾರನನ್ನು ಕವಿಯೆಂದು ಅಂಗೀಕರಿಸಿತು. ಆ ನಿರ್ಣಯವನ್ನು ಕಾಲವು ಎತ್ತಿಹಿಡಿದಿದೆ. 1981ರಲ್ಲಿ ತೀರಿಕೊಂಡ ಬ್ರಾಸಾನ್ಸ್ ಹುಟ್ಟೂರಾದ ಸೆತ್‌ನ ಮಣ್ಣಿನಲ್ಲಿಯೇ ಚಿರನಿದ್ರೆಯಲ್ಲಿದ್ದಾನೆ.