ಹಳೇ ಡಬ್ಬಕ್ಕೂ ಒಂದು ಮರ್ಯಾದೆ

ನನ್ನ ಹಳೇ ಪಿಎಸ್4 ಈಗ ಅರಸೀಕೆರೆಯಲ್ಲಿದೆ. ಪಿಎಸ್5 ತಗೊಂಡ ಮೇಲೆ ಅಕ್ಕನ ಮಗನಿಗೆ ಕೊಟ್ಟೆ. ಹೋದ ಸಲ ಊರಿಗೆ ಹೋದಾಗ ಅವನದು ಒಂದೇ ಪ್ರಶ್ನೆ: "ಮಾಮ, ಹೊಸ ಗೇಮೆಲ್ಲ ಇದಕ್ಕೂ ಬರುತ್ತಾ?"

"ಎಲ್ಲಾ ಬರಲ್ಲ ಕಣೋ" ಅಂದೆ. ಅಂದ ಮೇಲೆ ನನಗೇ ಸಮಾಧಾನ ಆಗಲಿಲ್ಲ.

ಹಳೇ ಕನ್ಸೋಲ್‌ಗೆ ಜೋತುಬಿದ್ದರೆ ಹೊಸ ಗೇಮು ಹಾಳಾಗುತ್ತೆ ಅನ್ನೋದು ನಮ್ಮ ಗೆಳೆಯರ ಮಾಮೂಲಿ ವಾದ. ಸಾಕ್ಷಿಗೆ ಸೈಬರ್‌ಪಂಕ್ 2077 ತೋರಿಸ್ತಾರೆ. 2020ರ ಡಿಸೆಂಬರ್ 10ಕ್ಕೆ ಬಂದ ಅದು ಪಿಎಸ್4ನಲ್ಲಿ ಎಷ್ಟು ಕುಂಟಿತು ಅಂದರೆ, ಸುಮಾರು ಒಂದು ವಾರದಲ್ಲೇ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿತು. ತಪ್ಪು ಡಬ್ಬದ್ದಾ? ಹಳೇ ಕನ್ಸೋಲ್‌ನಲ್ಲಿ ಗೇಮು ಹೇಗಿದೆ ಅಂತ ಬಿಡುಗಡೆಗೆ ಮುಂಚೆ ತೋರಿಸದೇ ಇದ್ದಿದ್ದಕ್ಕೆ ತಯಾರಿಸಿದ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯೇ ಕ್ಷಮೆ ಕೇಳಿತು. 2022ರಲ್ಲಿ ಗಾಡ್ ಆಫ್ ವಾರ್ ರಾಗ್ನರಾಕ್ ಅದೇ ಪಿಎಸ್4ಗೆ ಬಂದು ಚೆನ್ನಾಗೇ ಓಡಿತು.

ಇನ್ನೊಂದು ಮಾತು. ಭಾರತದಲ್ಲೇ ತಯಾರಾದ 'ಹನುಮಾನ್: ಬಾಯ್ ವಾರಿಯರ್' ಪಿಎಸ್2ಗೆ ಬಂದಿದ್ದು 2009ರಲ್ಲಿ. ಆಗ ಪಿಎಸ್3 ಬಂದು ಎರಡು ವರ್ಷಕ್ಕೂ ಮೇಲಾಗಿತ್ತು. ತಡವಾಗಿ ಬಂದವರು ಒಳಗೆ ಕಾಲಿಡೋದು ಹೆಚ್ಚಾಗಿ ಹಳೇ ಬಾಗಿಲಿಂದಲೇ. ಆಡೋರೂ ಅಷ್ಟೆ, ಮಾಡೋರೂ ಅಷ್ಟೆ.

ಹಾಗಂತ ಎಲ್ಲವನ್ನೂ ಹಳೇದಕ್ಕೆ ಇಳಿಸಿ ಅಂತಲ್ಲ. ಪಿಎಸ್4ನ ಹಾರ್ಡ್ ಡಿಸ್ಕು ನಿಧಾನ. ಎಸ್‌ಎಸ್‌ಡಿ ನಂಬಿ ಕಟ್ಟಿದ ಗೇಮನ್ನ ಅದರಲ್ಲಿ ತುರುಕಬೇಕಂದ್ರೆ ಅರ್ಧ ಗೇಮನ್ನೇ ಕತ್ತರಿಸಬೇಕಾಗಬಹುದು. ಎರಡೆರಡು ಸಲ ಟೆಸ್ಟಿಂಗ್ ಮಾಡೋ ಖರ್ಚು ಸಣ್ಣ ಸ್ಟುಡಿಯೋಗೆ ಭಾರ. 2023ರಲ್ಲಿ ಬಂದ ಸೈಬರ್‌ಪಂಕ್‌ನ ಮುಂದುವರಿಕೆ ಪಿಎಸ್4ಗೆ ಬರಲೇ ಇಲ್ಲ. ಓಡದ್ದನ್ನ ಮಾರೋದಕ್ಕಿಂತ ಅದು ಎಷ್ಟೋ ವಾಸಿ.

ಮಾರನೇ ದಿನ ಹುಡುಗನನ್ನ ಕರ್ಕೊಂಡು ಬೇಲೂರು, ಹಳೇಬೀಡಿಗೆ ಹೋದೆ. ಬೇಲೂರಿನ ಗುಡಿ 1117ರದ್ದು. ತೆರೆದಿದ್ದ ಮಂಟಪಕ್ಕೆ ಜಾಲಂಧ್ರಗಳನ್ನ ಕೂರಿಸಿದ್ದು ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಹಳೇಬೀಡಿನ ಕೆಲಸ ಪೂರ್ತಿ ಮುಗಿಯಲೇ ಇಲ್ಲ. ಆದರೂ ಇವತ್ತಿಗೂ ಒಳಗೆ ಹೋಗಬಹುದು. ಕೆಲಸ ನಿಲ್ಲಿಸೋದು ಬೇರೆ, ಬಾಗಿಲಿಗೆ ಬೀಗ ಜಡಿಯೋದು ಬೇರೆ.

ಗೇಮ್ ಕಂಪನಿಗಳು ಜಡಿಯೋದು ಬೀಗವನ್ನೇ. 2014ರ 'ದಿ ಕ್ರೂ' ಗೇಮಿನ ಸರ್ವರ್‌ಗಳನ್ನ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ದುಡ್ಡು ಕೊಟ್ಟು ಡಿಸ್ಕು ತಗೊಂಡವರಿಗೂ ಆಟ ಇಲ್ಲ. ಇನ್ನೊಂದು ಕಡೆ, 2021ರಲ್ಲಿ ಪಿಎಸ್3ರ ಆನ್‌ಲೈನ್ ಅಂಗಡಿ ಮುಚ್ತೀವಿ ಅಂದ ಸೋನಿ, ಆಡುವವರು ಗಲಾಟೆ ಮಾಡಿದ ಮೇಲೆ ಹಿಂದೆ ಸರಿಯಿತು. ಕೇಳಿದರೆ ಆಗುತ್ತೆ ಅಂತಾಯ್ತು.

ನಾನು ಕೇಳೋದು ಇಷ್ಟೇ. ಹೊಸ ಗೇಮು ಹಳೇದಕ್ಕೆ ಬರಲ್ಲ ಅಂದ್ರೆ ಮೊದಲೇ ಹೇಳಿ. ಓಡದ್ದನ್ನ ಮಾರಬೇಡಿ. ಸರ್ವರ್ ನಿಲ್ಲಿಸೋ ಮುಂಚೆ ಇಂಟರ್‌ನೆಟ್ ಇಲ್ಲದೇ ಆಡೋ ಹಾಗೆ ಕೊನೇ ಅಪ್‌ಡೇಟ್ ಕೊಟ್ಟು ಹೋಗಿ.

ರಾಗ್ನರಾಕ್ ಡಿಸ್ಕನ್ನ ಹುಡುಗನಿಗೆ ಕೊಟ್ಟು ಬಂದಿದ್ದೀನಿ. ಅದಕ್ಕೆ ಯಾರ ಸರ್ವರ್ರೂ ಬೇಕಿಲ್ಲ.