ಹಲಗಿ ಕಾಯುತ್ತದೆ, ಕೋರಸ್ ಕಾಯುವುದಿಲ್ಲ

ಕನ್ನಡ ಸಿನಿಮಾದ ಹೊಡೆದಾಟಕ್ಕೆ ಸಂಗೀತ ಅಂತ ಬಂದದ್ದೇ 2018ರ ಡಿಸೆಂಬರಿನಲ್ಲಿ, ‘ಕೆಜಿಎಫ್’ ತೆರೆಕಂಡ ಮೇಲೆ; ಅದಕ್ಕೂ ಮುಂಚೆ ಇದ್ದದ್ದು ಬರೀ ಡಿಶುಂ ಡಿಶುಂ. ಈ ಮಾತು ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆ ಎಂದರೆ, ವಿಮರ್ಶೆ ಬರೆಯುವವರೂ ಅದನ್ನು ಒಮ್ಮೆ ತಿರುಗಿಸಿ ನೋಡದೆ ಮುಂದೆ ಸಾಗುತ್ತಾರೆ. ವಿಜಯಪುರದಲ್ಲಿ, ಟಿಕೋಟಾ, ಬಬಲೇಶ್ವರದ ಕಡೆ ಬೆಳೆದ ಹುಡುಗರ ಬಾಯಲ್ಲೂ ಇದನ್ನೇ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಸೆಣಸಾಟಕ್ಕೆ ಎಂಥ ಸದ್ದು ಒಪ್ಪುತ್ತದೆ ಎಂಬುದನ್ನು ಜಾತ್ರೆಯ ಕುಸ್ತಿ ಕಣದ ಅಂಚಿನಲ್ಲಿ ನಿಂತು ಕಿವಿಯಾರೆ ಕೇಳಿದ ಸೀಮೆ ಇದು.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ನಿಕಾಲಿ ಕುಸ್ತಿಯನ್ನೇ, ಸೋಲು ಗೆಲುವು ತೀರುವ ತನಕ ನಡೆಯುವ ಕುಸ್ತಿಯನ್ನೇ, ತೆಗೆದುಕೊಳ್ಳಿ. ಜೋಡಿ ಕಣಕ್ಕಿಳಿಯುವ ಮೊದಲೇ ಹಲಗಿಯವನು, ಅಂದರೆ ತಮಟೆ ಬಾರಿಸುವವನು, ಒಂದು ಮೂಲೆಯಲ್ಲಿ ಹುಲ್ಲು, ರದ್ದಿ ಕಾಗದಕ್ಕೆ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಿರುತ್ತಾನೆ. ಬೆರಳಿನಿಂದ ತಟ್ಟಿ ನೋಡುತ್ತಾನೆ, ಮತ್ತೆ ಕಾಯಿಸುತ್ತಾನೆ. ಪೈಲ್ವಾನರು ಮಣ್ಣು ಮುಟ್ಟಿ ಹಣೆಗೊತ್ತಿ, ತೊಡೆ ತಟ್ಟಿ ಕೈ ಮಿಲಾಯಿಸುವಾಗ ಒಂದು ಜೋರು ಪೆಟ್ಟು. ಆಮೇಲೆ ಹಲಗಿಯವನು ಬಡಿತ ಇಳಿಸಿಬಿಡುತ್ತಾನೆ. ಕತ್ತಿಗೆ ಕತ್ತು ಕೊಟ್ಟು ಇಬ್ಬರೂ ಒಬ್ಬರ ಭಾರವನ್ನೊಬ್ಬರು ಅಳೆಯುತ್ತಿರುವಷ್ಟು ಹೊತ್ತೂ ತೆಳ್ಳನೆಯ ಕಡ್ಡಿ ಮಾತ್ರ ಅಂಚಿನಲ್ಲಿ ಟಿಕಿಟಿಕಿ ಎನ್ನುತ್ತಿರುತ್ತದೆ. ದಪ್ಪ ಕೋಲು ಸುಮ್ಮನಿರುತ್ತದೆ. ಹಲಗಿಯವನ ಕಣ್ಣು ಪೈಲ್ವಾನನ ಕೈಯ ಮೇಲಿರುವುದಿಲ್ಲ, ಕಾಲಿನ ಮೇಲಿರುತ್ತದೆ. ಹಿಮ್ಮಡಿ ಮಣ್ಣಿನಿಂದ ಎದ್ದಿತೆಂದರೆ ಡಾವ, ಅಂದರೆ ಪಟ್ಟು, ಬೀಳಲಿದೆ ಎಂದು ಅವನಿಗೆ ಗೊತ್ತು. ಘಿಸ್ಸಾ ಹಾಕಿ ಎದುರಾಳಿಯನ್ನು ಹೊರಳಿಸುವಾಗ ಬಡಿತ ಏರುತ್ತದೆ. ಡಾವ ತಪ್ಪಿತೋ, ಬಡಿತವೂ ಅಲ್ಲಿಗೇ ಮುರಿಯುತ್ತದೆ. ಭುಜ ಎರಡೂ ನೆಲಕ್ಕೆ ತಾಗಿ ಚಿತ್ ಆದ ಮೇಲೆ, ಆದ ಮೇಲೆಯೇ, ದಪ್ಪ ಕೋಲಿನ ಪೂರ್ತಿ ಪೆಟ್ಟು.

ನನ್ನ ಅಳತೆಗೋಲು ಇದೊಂದೇ. ಹೊಡೆದಾಟದ ಸಂಗೀತ ಮೈಯ ಹಿಂದೆ ಬರಬೇಕು, ಮೈಯ ಮುಂದೆ ಓಡಬಾರದು. ಗೆಲ್ಲುವವರು ಯಾರೆಂದು ಅದಕ್ಕೆ ಮೊದಲೇ ಗೊತ್ತಿರಬಾರದು.

ಇದೇ ಗೋಲು ಹಿಡಿದು ಸಂಗೀತ ನಿರ್ದೇಶಕ ರವಿ ಬಸ್ರೂರರ ‘ಕೆಜಿಎಫ್’ ಎರಡೂ ಭಾಗಗಳನ್ನು ಕೇಳಿ. ನಾಯಕ ಇನ್ನೂ ಕತ್ತಲಲ್ಲೇ ನಿಂತಿರುತ್ತಾನೆ. ಆಗಲೇ ನೂರು ಗಂಟಲು ಅವನ ಪ್ರತಾಪ ಸಾರುತ್ತವೆ. ಸುತ್ತಿಗೆ ಎತ್ತುವುದಕ್ಕೂ ಮುಂಚೆ ಹಿತ್ತಾಳೆಯ ಗುಡುಗು. ಪೆಟ್ಟು ಬೀಳುವ ಹೊತ್ತಿಗೆ ಕಿವಿ ದಣಿದಿರುತ್ತದೆ, ಆ ಪೆಟ್ಟಿಗೆ ತನ್ನದೇ ಸದ್ದು ಉಳಿದಿರುವುದಿಲ್ಲ. ಕೋರಸ್ಸು ಇಲ್ಲಿ ನೋಡುಗನ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ: ಹೆದರುವುದು, ಬೆರಗಾಗುವುದು, ಜೈಕಾರ ಹಾಕುವುದು, ಎಲ್ಲವನ್ನೂ. ಎದುರಾಳಿಗಂತೂ ಒಂದು ಸ್ವರವೂ ಸಿಗುವುದಿಲ್ಲ. ಕುಸ್ತಿ ಕಣದಲ್ಲಾದರೆ ಸೋತ ಪೈಲ್ವಾನನ ಡಾವಕ್ಕೂ ಹಲಗಿ ಏರಿರುತ್ತದೆ.

ಸದ್ದು ಪೆಟ್ಟಿನ ಹಿಂದೆ ಬರಬೇಕೆಂಬುದು ಬಸ್ರೂರರಿಗೆ ತಿಳಿಯದ್ದಲ್ಲ, ನನ್ನ ತಕರಾರು ಇರುವುದೇ ಅಲ್ಲಿ. 2020ರ ಲಾಕ್‌ಡೌನಿನಲ್ಲಿ ಊರಿಗೆ ಮರಳಿ ತಂದೆಯ ಜೊತೆ ಕುಲುಮೆಯಲ್ಲಿ ಕಬ್ಬಿಣ ಬಡಿದವರು ಅವರು. ಕಾದ ಕಬ್ಬಿಣದ ಮೇಲೆ ಸುತ್ತಿಗೆ ಇಳಿದ ಮೇಲೆ ಸದ್ದು ಹುಟ್ಟುತ್ತದೆ ಎಂದು ಅವರಿಗೆ ಯಾರು ಹೇಳಿಕೊಡಬೇಕು? ಅವರ ಊರಿರುವ ಕುಂದಾಪುರದ ಸೀಮೆ ಯಕ್ಷಗಾನದ ಸೀಮೆ. ಅಲ್ಲಿ ಯುದ್ಧದ ಕುಣಿತದಲ್ಲಿ ಚೆಂಡೆಯವನು ವೇಷಧಾರಿಯ ಹೆಜ್ಜೆ ನೋಡಿಕೊಂಡೇ ನುಡಿಸುತ್ತಾನೆ. ‘ಕೆಜಿಎಫ್’ ಮೊದಲ ಭಾಗದಲ್ಲಿ ನಾಯಕನಿಗೆ ತಾಯಿಯ ನೆನಪು ಬರುವಲ್ಲಿ ಬಸ್ರೂರರ ಸಂಗೀತ ಮೆತ್ತಗಾಗುತ್ತದೆ, ಗಾಯಕಿ ಅನನ್ಯಾ ಭಟ್ ದನಿಗೆ ಜಾಗ ಬಿಟ್ಟು ಹಿಂದೆ ಸರಿಯುತ್ತದೆ. ಆ ಚಿತ್ರದಲ್ಲಿ ಸಂಗೀತ ಅನ್ನಿಸಿಕೊಳ್ಳುವುದು ಅದೇ. ಇಷ್ಟು ಬಲ್ಲವರು ಹೊಡೆದಾಟಕ್ಕೆ ಬಂದಾಗ ಮಾತ್ರ ಗದ್ದಲಕ್ಕೆ ಒಪ್ಪಿಕೊಂಡರು. ಅವರ ಹಿಂದೆ ಬಂದವರಲ್ಲಿ ಹೆಚ್ಚಿನವರು ಆ ಗದ್ದಲವನ್ನಷ್ಟೇ ಕಲಿತರು.

‘ಮುಂಚೆ ಏನೂ ಇರಲಿಲ್ಲ’ ಎನ್ನುವವರು ಜಿ.ಕೆ. ವೆಂಕಟೇಶರನ್ನು ಕೇಳಿಲ್ಲ ಎಂದೇ ಅರ್ಥ. 1960ರ ‘ರಣಧೀರ ಕಂಠೀರವ’ದಲ್ಲಿ ಕುಸ್ತಿಯ ಅರಸನಿಗೆ, 1968ರ ‘ಜೇಡರ ಬಲೆ’ಯಲ್ಲಿ ಸೂಟು ತೊಟ್ಟ ಸಿಐಡಿಗೆ ಸಂಗೀತ ಕೊಟ್ಟವರು ಒಬ್ಬರೇ. ಇನ್ನು ‘ಒಂದಾನೊಂದು ಕಾಲದಲ್ಲಿ’. ಜಪಾನಿ ನಿರ್ದೇಶಕ ಕುರೋಸಾವನ ಸಮುರಾಯ್ ಚಿತ್ರಗಳ ನೆನಪಿನಲ್ಲಿ ಗಿರೀಶ ಕಾರ್ನಾಡರು 1978ರಲ್ಲಿ ತೆಗೆದ ಈ ಚಿತ್ರಕ್ಕೆ ಭಾಸ್ಕರ ಚಂದಾವರ್ಕರರ ಸಂಗೀತ. ಶಂಕರ್‌ನಾಗ್‌ನ ಗಂಡುಗಲಿಯೂ ಸುಂದರಕೃಷ್ಣ ಅರಸರ ಪೆರ್ಮಾಡಿಯೂ ಎದುರುಬದುರಾದಾಗ ವಾದ್ಯಗಳು ಮುಂದೆ ಬಿದ್ದು ತೀರ್ಪು ಕೊಡುವುದಿಲ್ಲ. ಕೂಲಿಗೆ ಕಾದುವ ಇಬ್ಬರಲ್ಲಿ ಯಾರ ಪಕ್ಷವನ್ನೂ ಅವು ವಹಿಸುವುದಿಲ್ಲ. ಮುಂದೆ ಹಗೆಗಳೇ ಗೆಳೆಯರಾದಾಗ ನಾವು ಅದನ್ನು ನಂಬುವುದು ಆ ಕಾರಣಕ್ಕೆ. ಕನ್ನಡದ ಕಾಳಗದ ಚಿತ್ರಗಳಲ್ಲಿ ನನ್ನ ಪಾಲಿಗೆ ಇದಕ್ಕಿಂತ ಮೇಲಿನದು ಇಲ್ಲ. ಈಚಿನವುಗಳಲ್ಲಿ ‘ಕಾಂತಾರ’ದ ಕೊನೆಯ ಕಾಳಗವನ್ನು ಒಪ್ಪುತ್ತೇನೆ, ಏಕೆಂದರೆ ಅಲ್ಲಿ ನಮ್ಮನ್ನು ನಡುಗಿಸುವ ಕೂಗು ಕಾದುವವನ ಗಂಟಲಿನಿಂದಲೇ ಬರುತ್ತದೆ.

ಹಾಂಗ್‌ಕಾಂಗಿನವರು ಸದ್ದು ಮೈಯ ಹಿಂದೆ ಬರುವುದು ಹೇಗೆಂಬ ಪ್ರಶ್ನೆಯನ್ನು ಅರುವತ್ತು ವರ್ಷದ ಹಿಂದೆಯೇ ಬಿಡಿಸಿದ್ದರು. 1966ರಲ್ಲಿ ಕಿಂಗ್ ಹೂ ‘ಕಮ್ ಡ್ರಿಂಕ್ ವಿತ್ ಮಿ’ ತೆಗೆದಾಗ ಪೀಕಿಂಗ್ ಆಪೆರಾದ ತಾಳವಾದ್ಯಗಳ ಲಯವನ್ನು ಕತ್ತಿ ಕಾಳಗಕ್ಕೆ ತಂದರು. ಕಾಳಗ ಹೊಂದಿಸಿದ ಹಾನ್ ಯಿಂಗ್‌ಚಿಯೆ ಕೂಡ ಅದೇ ರಂಗಭೂಮಿಯಲ್ಲಿ ಪಳಗಿದವರು. ನಟ ನಿಂತರೆ ತಾಳವೂ ನಿಲ್ಲುತ್ತದೆ. ತಮ್ಮ ನಾಡಿನ ಆಟದಿಂದ ಅವರು ಪಡೆದದ್ದನ್ನು ನಾವು ನಮ್ಮ ದೊಡ್ಡಾಟದಿಂದ, ಕರಡಿ ಮಜಲಿನಿಂದ, ಮೊಹರಂ ಹೆಜ್ಜೆಯ ಹಲಗಿಯಿಂದ ಪಡೆಯಲು ಏನು ಅಡ್ಡಿಯಾಗಿತ್ತು?

ಅಡ್ಡಿ ಏನೆಂದು ಎಲ್ಲರಿಗೂ ಗೊತ್ತು, ಬರೆಯುವವರು ಕಡಿಮೆ. ಹಲಗಿ ಬಾರಿಸುವವರನ್ನು ಊರು ಆಚೆಯ ಕೇರಿಯಲ್ಲಿ ಇಟ್ಟಿತ್ತು. ಹೆಣದ ಮುಂದೆಯೂ ದೇವರ ಪಲ್ಲಕ್ಕಿಯ ಮುಂದೆಯೂ ಅವರು ಬೇಕು, ಪಡಸಾಲೆಯಲ್ಲಿ ಬೇಡ. ಅವರ ವಾದ್ಯಕ್ಕೆ ‘ಗದ್ದಲ’ ಎಂಬ ಹೆಸರು ಬಂದದ್ದು ಕಿವಿಯಿಂದಲ್ಲ, ಜಾತಿಯಿಂದ. ಗೋಳಗುಮ್ಮಟದ ಎದುರಿನ ನಗಾರಖಾನೆ ಇವತ್ತು ವಸ್ತುಸಂಗ್ರಹಾಲಯ. ಅರಸರ ನಗಾರಿಗೆ ಕಲ್ಲಿನ ಮನೆ ಕಟ್ಟಿದ ಊರು ಹಲಗಿಗೆ ನೆರಳನ್ನೂ ಕೊಡಲಿಲ್ಲ. ಈಗ ಅದೇ ಬಡಿತ ಸ್ಟುಡಿಯೋದಲ್ಲಿ ಲೂಪ್ ಆಗಿ ಡಾಲ್ಬಿಯಲ್ಲಿ ಬಂದರೆ ‘ಮಾಸ್ ಬಿಜಿಎಂ’ ಎಂದು ಶಿಳ್ಳೆ ಬೀಳುತ್ತದೆ. ಜಾತ್ರೆಗಳಲ್ಲಿ ಡಿಜೆ ಬಂತು, ಹಲಗಿಯವರ ಮಕ್ಕಳು ದ್ರಾಕ್ಷಿ ತೋಟದ ಕೂಲಿಗೆ ಹೋದರು. ಉತ್ತರ ಕರ್ನಾಟಕದ ಕುಸ್ತಿಯನ್ನೇ ವಸ್ತುವಾಗಿಸಿಕೊಂಡ, ಯೋಗರಾಜ ಭಟ್ಟರ 2023ರ ‘ಗರಡಿ’ಯಲ್ಲೂ ಹಲಗಿ ಹೆಸರಾದದ್ದು ಒಂದು ಕುಣಿತದ ಹಾಡಿನಲ್ಲಿ.

ಲೂಪಿಗೆ ಹಿಮ್ಮಡಿ ಕಾಣುವುದಿಲ್ಲ. ಡಾವ ತಪ್ಪಿದರೂ ಅದು ಏರುತ್ತಲೇ ಹೋಗುತ್ತದೆ. ಮುಂದಿನ ಕುಸ್ತಿ ಚಿತ್ರ ಮಾಡುವವರು ಒಂದು ಕೆಲಸ ಮಾಡಲಿ: ಹಿನ್ನೆಲೆ ಸಂಗೀತಕ್ಕೆ ಕೂರುವ ಮುಂಚೆ ನಮ್ಮ ಕಡೆಯ ಒಬ್ಬ ಹಲಗಿಯವನನ್ನು ಸ್ಟುಡಿಯೋಕ್ಕೆ ಕರೆಸಿ, ಹಲಗಿ ಕಾಯಿಸಲು ಅಂಗಳದಲ್ಲಿ ಜಾಗ ಕೊಟ್ಟು, ಕುಸ್ತಿಯ ದೃಶ್ಯವನ್ನು ಸದ್ದಿಲ್ಲದೆ ತೆರೆಯ ಮೇಲೆ ಬಿಡಲಿ. ಗೆಲ್ಲುವವನು ಯಾರೆಂದು ಅವನಿಗೆ ಹೇಳಬಾರದು. ಅವನು ಬಾರಿಸಿದ್ದನ್ನು ಹಾಗೇ ಉಳಿಸಿಕೊಂಡು, ಸಂಗೀತ ನಿರ್ದೇಶಕರಿಗೆ ಕೊಡುವ ಅಳತೆಯಲ್ಲೇ ಅವನಿಗೂ ಕೂಲಿ ಕೊಟ್ಟು, ಟೈಟಲ್ ಕಾರ್ಡಿನಲ್ಲಿ ಅವನ ಹೆಸರು ಹಾಕಲಿ.