ಪಾಲುಪಟ್ಟಿಯಲ್ಲಿ ಬರೆದ ಮನುಷ್ಯರು

ಕನ್ನಡ ಕಥೆ ಕಾದಂಬರಿಗಳಿಗೆ ಪಾಲು ಎಂಬುದು ಹಳೆಯ ವಸ್ತು. ಅಣ್ಣತಮ್ಮಂದಿರು ಜಗಳವಾಡುತ್ತಾರೆ, ಹಿರಿಯರು ಕೂಡುತ್ತಾರೆ, ಪಡಸಾಲೆಯ ನಡುವೆ ಗೋಡೆ ಏಳುತ್ತದೆ, ಮುದುಕಿ ತಾಯಿ ಯಾವ ಒಲೆಯ ಮುಂದೆ ಕೂರಬೇಕೆಂದು ತಿಳಿಯದೆ ಕಣ್ಣೀರು ಹಾಕುತ್ತಾಳೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ ಚಂದ್ರಯ್ಯಗೌಡರಿಗೂ ಹೂವಯ್ಯನಿಗೂ ಆಗುವ ಪಾಲನ್ನು ಓದಿದವರು ಮರೆಯಲಾರರು. ಬಾನು ಮುಷ್ತಾಕ್ ಅವರು 'ಬೆಂಕಿ ಮಳೆ'ಯಲ್ಲಿ ತಂದೆಯ ಆಸ್ತಿಯ ಪಾಲು ಕೇಳುವ ತಂಗಿಯನ್ನು ಮುತವಲ್ಲಿ ಅಣ್ಣನ ಎದುರಿಗೇ ತಂದು ನಿಲ್ಲಿಸಿದರು. ಅಣ್ಣ ಊರಿನ ಮಯ್ಯಿತ್ತಿನ ಗಲಾಟೆಯ ಹಿಂದೆ ಓಡಿ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಬಗೆಯನ್ನು ಓದಿ ನಕ್ಕವರು, ತಮ್ಮ ಮನೆಯನ್ನು ನೆನೆದು ಸುಮ್ಮನಾಗಿರಬೇಕು.

ಇವುಗಳಲ್ಲೆಲ್ಲ ಕೇಳುವ ಪ್ರಶ್ನೆ ಒಂದೇ: ಯಾರಿಗೆ ಎಷ್ಟು? ಪಾಲಿಗೆ ಬಂದ ವಸ್ತುವೇ ಮನುಷ್ಯನಾಗಿದ್ದರೆ ಏನು ಎಂಬ ಪ್ರಶ್ನೆಯನ್ನು ನಮ್ಮ ಸಾಹಿತ್ಯ ಹೆಚ್ಚು ಕೇಳಿಲ್ಲ. ಅಮೆರಿಕದ ಕರಿಯ ಲೇಖಕ ಎಡ್ವರ್ಡ್ ಪಿ. ಜೋನ್ಸ್ ಅವರ 'ದಿ ನೋನ್ ವರ್ಲ್ಡ್' (2003) ಓದಿದ ಮೇಲೆ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. 2004ರ ಪುಲಿಟ್ಜರ್ ಬಹುಮಾನ ಪಡೆದ ಈ ಕಾದಂಬರಿಯ ನಾಯಕ ಹೆನ್ರಿ ಟೌನ್ಸೆಂಡ್ ಕರಿಯ. ಗುಲಾಮನಾಗಿಯೇ ಹುಟ್ಟಿದವನು. ಬಡಗಿಯಾದ ತಂದೆ ಆಗಸ್ಟಸ್ ದುಡಿದು ದುಡಿದು ಮೊದಲು ತನ್ನನ್ನು, ಆಮೇಲೆ ಹೆಂಡತಿಯನ್ನು, ಕೊನೆಗೆ ಮಗನನ್ನು ಒಡೆಯನಿಂದ ಕೊಂಡು ಬಿಡಿಸುತ್ತಾನೆ. ಬಿಡುಗಡೆಯಾದ ಮಗ ಮಾಡುವುದೇನು? ತನ್ನ ಹಳೆಯ ಒಡೆಯನಿಂದಲೇ ಮೋಸೆಸ್ ಎಂಬ ಗುಲಾಮನನ್ನು ಕೊಳ್ಳುತ್ತಾನೆ. ವಿಷಯ ತಿಳಿದ ಆಗಸ್ಟಸ್ ಕೋಲೆತ್ತಿ ಮಗನ ಭುಜ ಮುರಿಯುತ್ತಾನೆ. ಕಾದಂಬರಿ ಆರಂಭವಾಗುವುದು 1855ರಲ್ಲಿ, ಹೆನ್ರಿಯ ಸಾವಿನೊಂದಿಗೆ. ವಿಧವೆ ಕ್ಯಾಲ್ಡೋನಿಯಾಗೆ ಹೊಲ, ಮನೆ ಮತ್ತು ಮೂವತ್ತಕ್ಕೂ ಹೆಚ್ಚು ಮನುಷ್ಯರು ವಾರಸಾಗಿ ಬರುತ್ತಾರೆ. ಅವಳ ತಾಯಿ ಮಾಡ್ ಅವರನ್ನು ಗುಲಾಮರೆಂದು ಕರೆಯುವುದಕ್ಕಿಂತ ಹೆಚ್ಚಾಗಿ 'ಪರಂಪರೆಯ ಸೊತ್ತು' ಎಂದೇ ಕರೆಯುತ್ತಾಳೆ. ಆ ಸೊತ್ತನ್ನು ಬಿಡುಗಡೆ ಮಾಡಲು ಹೊರಟ ಸ್ವಂತ ಗಂಡನಿಗೆ ವಿಷ ಹಾಕಿದವಳು ಅವಳು.

ಜೋನ್ಸ್ ಅವರ ಕೈ ಎಷ್ಟು ಗಟ್ಟಿ ಎಂಬುದು ಇಲ್ಲಿ ತಿಳಿಯುತ್ತದೆ. ಮಾಡ್ ರಾಕ್ಷಸಿಯಲ್ಲ, ಮಗಳ ಭವಿಷ್ಯದ ಚಿಂತೆಯುಳ್ಳ ತಾಯಿ. ನಮ್ಮ ಓಣಿಗಳಲ್ಲಿ 'ಮಕ್ಕಳಿಗೆ ನಾಲ್ಕು ಎಕರೆ ಮಾಡಿಟ್ಟು ಹೋಗಬೇಕು' ಎನ್ನುವ ಯಾವ ತಾಯಿಯಾದರೂ ಆಗಬಹುದು. ಕುಟುಂಬದ ಪ್ರೀತಿಯೇ ಕ್ರೌರ್ಯಕ್ಕೆ ಬಂಡವಾಳವಾಗುವುದನ್ನು ಲೇಖಕ ಒಂದು ಕಡೆಯೂ ದನಿ ಎತ್ತದೆ ಹೇಳುತ್ತಾನೆ.

ಇದು ಬರೀ ಕಲ್ಪನೆ ಎನ್ನುವವರು ವರ್ಜೀನಿಯಾದ ಕಾನೂನುಗಳನ್ನು ನೋಡಬೇಕು. ಹುಟ್ಟಿದ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ ಎಂದು 1662ರಲ್ಲಿ ಅಲ್ಲಿ ಕಾನೂನಾಯಿತು. ಒಡೆಯನೇ ತಂದೆಯಾದರೂ ಗುಲಾಮ ಹೆಂಗಸಿನ ಮಗು ಗುಲಾಮನೇ. 1705ರ ಕಾನೂನು ಗುಲಾಮರನ್ನು ಸ್ಥಿರಾಸ್ತಿ ಎಂದಿತು. ಹೊಲದಂತೆ ಅವರೂ ವಾರಸುದಾರರಿಗೆ ಇಳಿಯಲಿ ಎಂದು. ಇದರ ಫಲ ವಿಚಿತ್ರ. ಥಾಮಸ್ ಜೆಫರ್ಸನ್‌ನ ಮಾವ ಜಾನ್ ವೇಲ್ಸ್ 1773ರಲ್ಲಿ ಸತ್ತಾಗ ಅಳಿಯನ ಮನೆಗೆ ಸುಮಾರು 135 ಗುಲಾಮರು ಬಂದರು, ಜೊತೆಗೆ ವೇಲ್ಸ್ ಮಾಡಿಟ್ಟಿದ್ದ ದೊಡ್ಡ ಸಾಲವೂ ಬಂತು. ಆ ಗುಲಾಮರಲ್ಲಿ ಸ್ಯಾಲಿ ಹೆಮಿಂಗ್ಸ್ ಎಂಬ ಎಳೆಯ ಕೂಸೂ ಇತ್ತು. ಅವಳು ವೇಲ್ಸ್‌ನಿಗೇ ಹುಟ್ಟಿದ ಮಗಳೆಂದು ಇತಿಹಾಸಕಾರರು ಹೇಳುತ್ತಾರೆ. ಅಂದರೆ ಅಕ್ಕನಿಗೆ ತಂಗಿ ಆಸ್ತಿಯಾಗಿ ಬಂದಳು. ಒಬ್ಬನೇ ತಂದೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರು ವಾರಸುದಾರರ ಸಾಲಿನಲ್ಲಿ, ಇನ್ನೊಬ್ಬಳ ಹೆಸರು ಸಾಮಾನಿನ ಪಟ್ಟಿಯಲ್ಲಿ! ಮುಂದೆ 1826ರಲ್ಲಿ ಜೆಫರ್ಸನ್ ಸಾಲಗಾರನಾಗಿಯೇ ಸತ್ತ. ಮರುವರ್ಷ ಅವನ ಮನೆಯ ಸುಮಾರು 130 ಗುಲಾಮರ ಹರಾಜಾಯಿತು. ತೀರಿದ್ದು ಒಡೆಯನ ಸಾಲ, ತೀರಿಸಿದವರು ಗುಲಾಮರು.

ವಾಷಿಂಗ್ಟನ್‌ನ ಕಥೆ ಬೇರೆ. 1799ರಲ್ಲಿ ಬರೆದ ಉಯಿಲಿನಲ್ಲಿ ಆತ ತನ್ನ ಗುಲಾಮರನ್ನು, ಅಂದರೆ 123 ಜನರನ್ನು, ಬಿಡುಗಡೆ ಮಾಡಲು ಹೇಳಿದ. ಆದರೆ ಹೆಂಡತಿಯ ಮೊದಲ ಗಂಡನ ಆಸ್ತಿಯಿಂದ ವಿಧವೆಯ ಪಾಲಾಗಿ ಬಂದಿದ್ದ 153 ಜನರನ್ನು ಮುಟ್ಟುವ ಹಕ್ಕು ಅವನಿಗಿರಲಿಲ್ಲ. ಎರಡೂ ಕಡೆಯವರು ಒಂದೇ ಜಾಗದಲ್ಲಿ ದುಡಿಯುತ್ತ ತಮ್ಮತಮ್ಮಲ್ಲೇ ಮದುವೆಯಾಗಿದ್ದರು. ಗಂಡ ಬಿಡುಗಡೆಯಾದ, ಹೆಂಡತಿ ಮಕ್ಕಳು ಇನ್ಯಾರದೋ ಮೊಮ್ಮಕ್ಕಳ ಪಾಲಾದರು.

ದೂರದ ಮಾತು ಎಂದುಕೊಳ್ಳುವ ಮೊದಲು ನಮ್ಮ ನುಡಿಯಲ್ಲೇ ಇರುವ ಎರಡು ಶಬ್ದಗಳನ್ನು ನೋಡಬೇಕು. ದಕ್ಷಿಣ ಕನ್ನಡದಲ್ಲಿ 'ಮೂಲಗೇಣಿ' ಎಂದರೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಭೂಮಿಯ ಹಕ್ಕು. ಅದೇ ನೆಲದಲ್ಲಿ 'ಮೂಲದಾಳು' ಎಂದರೆ ತಲೆಮಾರಿನಿಂದ ಒಂದೇ ಧಣಿಯ ಮನೆಗೆ ಕಟ್ಟುಬಿದ್ದ ಆಳು. ಕೊಡಗಿನಲ್ಲಿ 'ಜಮ್ಮಾ' ಭೂಮಿ ಎಂದರೆ ಒಕ್ಕಲುಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಗೌರವ. ಹಳೆಯ ಗೆಜೆಟಿಯರುಗಳಲ್ಲಿ ಭೂಮಿಗೆ ಸೇರಿದ 'ಭೂಮಿ ಜಮ್ಮದ' ಹೊಲೆಯರು, ಮನೆತನಕ್ಕೆ ಸೇರಿದ 'ಒಕ್ಕಲು ಜಮ್ಮದ' ಹೊಲೆಯರು ಎಂಬ ಲೆಕ್ಕ ಸಿಗುತ್ತದೆ. ಶಬ್ದ ಒಂದೇ. ಒಬ್ಬನಿಗೆ ಹಕ್ಕಾದದ್ದು ಇನ್ನೊಬ್ಬನಿಗೆ ಸಂಕೋಲೆ. ಇಂಗ್ಲಿಷರು 1843ರ ಕಾಯ್ದೆಯಿಂದ ಕೋರ್ಟುಗಳಲ್ಲಿ ಗುಲಾಮಗಿರಿಗೆ ಮಾನ್ಯತೆ ತೆಗೆದರು. ಸಾಲದ ಹೆಸರಿನಲ್ಲಿ ಅದು ಉಳಿಯಿತು. ನಮ್ಮ ಹೈದರಾಬಾದ್ ಸೀಮೆಯಲ್ಲಿ ಅದಕ್ಕೆ 'ಭಗೇಲಾ' ಎಂದರು, ಹಟ್ಟಿ-ಲಿಂಗಸುಗೂರಿನ ಹಳ್ಳಿಗಳಲ್ಲಿ ಜೀತ ಎಂದರು.

ಈ ಬೆಳಕಿನಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಮತ್ತೆ ಓದಿದರೆ ಅದು ವಾರಸಿನ ಕಾದಂಬರಿಯಾಗಿ ಕಾಣುತ್ತದೆ. ವಿಮರ್ಶಕರು ಸಾಮಾನ್ಯವಾಗಿ ಚೋಮನ ಬೇಸಾಯದ ಕನಸಿನ ಬಗ್ಗೆ, ಅವನ ದುಡಿಯ ನಾದದ ಬಗ್ಗೆ ಬರೆಯುತ್ತಾರೆ. 1975ರಲ್ಲಿ ಬಿ.ವಿ. ಕಾರಂತರು ಮಾಡಿದ ಚಿತ್ರ ಆ ನಾದವನ್ನು ಇನ್ನಷ್ಟು ಮನಸ್ಸಿನಲ್ಲಿ ಕೂರಿಸಿತು. ಆದರೆ ಕಥೆಯನ್ನು ನಡೆಸುವುದು ಕಾಫಿತೋಟದ ಸಾಲ. ಆ ಸಾಲಕ್ಕಾಗಿ ಚನಿಯ, ಗುರುವ ತೋಟಕ್ಕೆ ಹೋಗುತ್ತಾರೆ. ಚನಿಯ ಜ್ವರದಿಂದ ಸಾಯುತ್ತಾನೆ, ಗುರುವ ಮತಾಂತರವಾಗಿ ದೂರವಾಗುತ್ತಾನೆ, ಕೊನೆಗೆ ಲೆಕ್ಕ ಚುಕ್ತಾ ಆಗುವುದು ಮಗಳು ಬೆಳ್ಳಿಯ ಮಾನದ ಬೆಲೆಗೆ. ಧಣಿಯ ಮನೆಯಲ್ಲಿ ಭೂಮಿ ಮಗನಿಗೆ ಇಳಿದರೆ ಚೋಮನ ಗುಡಿಸಲಲ್ಲಿ ಸಾಲ ಮಕ್ಕಳಿಗೆ ಇಳಿಯುತ್ತದೆ.

ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ. ಚೋಮನಿಗೆ ತುಂಡು ನೆಲ ಕೊಡಲು ಅವನಿಗೆ ಅರೆಮನಸ್ಸಿದೆ, ತಾಯಿ ಬೇಡವೆನ್ನುತ್ತಾಳೆ. ಹೆನ್ರಿ ಟೌನ್ಸೆಂಡ್ ಕೂಡ ತಾನು ಬಿಳಿಯರೆಲ್ಲರಿಗಿಂತ ಒಳ್ಳೆಯ ಒಡೆಯನಾಗುತ್ತೇನೆಂದು ನಂಬಿದ್ದ. ನಮ್ಮ ಹಟ್ಟಿಗೆ ದೂರವೇನಲ್ಲದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರು ಹೊತ್ತ ಶಾಸನ ಸಿಕ್ಕಿತು, ಅದನ್ನು ಕಂಡವನು ಚಿನ್ನ ಹುಡುಕುತ್ತಿದ್ದ ಎಂಜಿನಿಯರ್. ಅದೇ ಅಶೋಕ ತನ್ನ ಬೇರೆ ಬಂಡೆಗಳ ಮೇಲೆ ದಾಸರನ್ನೂ ಆಳುಗಳನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದು ಬರೆಸಿದ. ಬಿಟ್ಟುಬಿಡಿ ಎಂದು ಬರೆಸಲಿಲ್ಲ. ಒಳ್ಳೆಯ ಒಡೆಯ ಎಂಬ ಮಾತಿಗೆ ಇಷ್ಟು ವಯಸ್ಸಾಗಿದೆ.

ನಮ್ಮ ಫಿಕ್ಹ್ ಗ್ರಂಥಗಳನ್ನು ಓದಿದವರು ಇಲ್ಲಿ ಹೆಮ್ಮೆ ಪಡಬಹುದಾದ ಒಂದು ಮಾತಿದೆ. ಒಡೆಯನಿಂದ ಮಗು ಪಡೆದ ಗುಲಾಮ ಹೆಂಗಸು 'ಉಮ್ಮುಲ್ ವಲದ್'. ಅವಳನ್ನು ಮಾರುವಂತಿಲ್ಲ, ಒಡೆಯ ಸತ್ತ ದಿನ ಅವಳು ಸ್ವತಂತ್ರಳು. ಒಡೆಯ ಒಪ್ಪಿಕೊಂಡ ಮಗು ಸ್ವತಂತ್ರ, ಫರಾಯಿಝ್ ಪ್ರಕಾರ ವಾರಸುದಾರ. ಸ್ಯಾಲಿ ಹೆಮಿಂಗ್ಸ್‌ಗೆ ಈ ಕಾನೂನು ಸಿಕ್ಕಿದ್ದರೆ ಅವಳಿಗೂ ಅಕ್ಕನ ಜೊತೆ ಪಾಲು ಇರುತ್ತಿತ್ತು. ಆದರೆ ಹೆಮ್ಮೆಯನ್ನು ಅಲ್ಲಿಗೇ ನಿಲ್ಲಿಸುವುದು ಪ್ರಾಮಾಣಿಕತೆಯಲ್ಲ. ಒಡೆಯನಲ್ಲದ ಗಂಡಿನಿಂದ ಅವಳಿಗೆ ಹುಟ್ಟಿದ ಮಗು ತಾಯಿಯ ಸ್ಥಿತಿಯನ್ನೇ ಹೊಂದುತ್ತದೆ ಎಂದು ಅದೇ ಗ್ರಂಥಗಳು ಹೇಳಿದವು. ಮನೆಯಲ್ಲೇ ಹುಟ್ಟಿದ ಗುಲಾಮನಿಗೆ ಫಾರಸಿ-ಉರ್ದುವಿನಲ್ಲಿ 'ಖಾನಾಜಾದ್' ಎನ್ನುತ್ತಾರೆ. ಮೊಗಲ್ ದರ್ಬಾರಿನ ಅಮೀರರು ಅದನ್ನು ಬಿರುದಿನಂತೆ ಹೇಳಿಕೊಂಡು ತಿರುಗಿದರು.

ಇನ್ನು ಸಾಲದ ಮಾತು. ಶರೀಅತ್ತಿನಲ್ಲಿ ಸತ್ತವನ ಸಾಲ ಅವನು ಬಿಟ್ಟುಹೋದ ಆಸ್ತಿಯಿಂದ ತೀರಬೇಕು, ಮಕ್ಕಳ ಮೈಯಿಂದಲ್ಲ. ಹಿಂದೂ ಕಾನೂನಿನಲ್ಲಿ ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಕಟ್ಟಳೆಯಿತ್ತು, ಅದನ್ನು 2005ರ ತಿದ್ದುಪಡಿ ತೆಗೆಯಿತು. ಜೀತಕ್ಕಿಟ್ಟುಕೊಂಡ ಧಣಿ ಈ ಎರಡರಲ್ಲಿ ಯಾವ ಪುಸ್ತಕವನ್ನೂ ತೆರೆದವನಲ್ಲ. 1976ರ ಜೀತಪದ್ಧತಿ ರದ್ದು ಕಾಯ್ದೆ ಇದನ್ನು ಸರಿಯಾಗಿ ಗುರುತಿಸಿತು. ವಾರಸಿನಿಂದ ಬಂದ ಋಣಕ್ಕಾಗಿ ದುಡಿಯುವುದೂ ಜೀತ, ಇಂಥ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ದುಡಿಯುವುದೂ ಜೀತ ಎಂದು ಅದರ ವ್ಯಾಖ್ಯೆಯಲ್ಲೇ ಇದೆ. ಜೀತದ ಬೇರೆಬೇರೆ ಹೆಸರುಗಳ ಪಟ್ಟಿಯೂ ಅಲ್ಲಿದೆ: ಭಗೇಲಾ ಇದೆ, ಜೀತ ಇದೆ, ನಡುವೆ 'ಹೊಲ್ಯ' ಎಂದೂ ಇದೆ. ಒಂದು ಜಾತಿಯ ಹೆಸರೇ ಪದ್ಧತಿಯ ಹೆಸರಾಗಿದ್ದನ್ನು ಸಂಸತ್ತು ಬರೆದಿಟ್ಟುಕೊಂಡಿದೆ.

ಕಾರಂತರ ಕಾದಂಬರಿಯ ಮೇಲೆ ನಮ್ಮದೊಂದು ದೂರು ಇದೆ. ಜೋನ್ಸ್ ತನ್ನ ಕಥೆಯಲ್ಲಿ ಬಂದುಹೋಗುವ ಸಣ್ಣ ಗುಲಾಮ ಮಗುವನ್ನೂ ಕೈಬಿಡುವುದಿಲ್ಲ, ಐವತ್ತು ವರ್ಷಗಳ ಮುಂದೆ ಹೋಗಿ ಅವಳ ಮೊಮ್ಮಕ್ಕಳನ್ನು ತೋರಿಸಿ ಬರುತ್ತಾನೆ. ಕಾರಂತರು ಚೋಮ ಸತ್ತೊಡನೆ ಪುಸ್ತಕ ಮುಚ್ಚುತ್ತಾರೆ. ದುಡಿಯ ಸದ್ದು ನಿಂತ ಗುಡಿಸಲಲ್ಲಿ ಬೆಳ್ಳಿ ಇನ್ನೂ ಇದ್ದಾಳೆ. ಅಪ್ಪನ ಸಾಲವನ್ನು ತೀರಿಸಿದವಳು ಅವಳು, ಮರುದಿನ ಬೆಳಿಗ್ಗೆ ಯಾವ ಧಣಿಯ ಅಂಗಳಕ್ಕೆ ಹೋದಳು, ಅವಳ ಮಕ್ಕಳು ಯಾರ ಲೆಕ್ಕದ ಪುಸ್ತಕ ಸೇರಿದರು? ಅವಳ ಬಾಯಿಂದ ಬಂದ ಆ ಲೆಕ್ಕ ನಾವು ಓದಿದ ಕಥೆಗಳಲ್ಲಿ ಸಿಕ್ಕಿಲ್ಲ.